ನೂರ ಎಂಬತ್ತು ವ್ಯಾಟಿನ ಕಸ್ಟರ್ಡ್

ಗಂಡಸಿನ ಯೋಗ್ಯತೆ ಅಳೆಯಲು ನಮ್ಮ ಕಡೆ ಹಿಂದೆ ಬೇರೆ ಬೇರೆ ಅಳತೆಗಳಿದ್ದವು. ಅಜ್ಜನ ಕಾಲದಲ್ಲಿ ಗಣಿಯಿಂದ ಎಷ್ಟು ಕಲ್ಲಿದ್ದಲು ತೆಗೆದ ಎಂದು ನೋಡುತ್ತಿದ್ದರು. ಅಪ್ಪನ ಕಾಲದಲ್ಲಿ ಅವನ ಪಾರಿವಾಳ ಎಷ್ಟು ದೂರದಿಂದ ಹಾರಿ ಮನೆ ಸೇರಿತು ಎಂದು ನೋಡುತ್ತಿದ್ದರು. ನನ್ನ ಸರದಿ ಬರುವ ಹೊತ್ತಿಗೆ ಗಣಿ ಮುಚ್ಚಿತ್ತು, ಪಾರಿವಾಳಗಳು ಹೋದವು ತಿರುಗಿ ಬರಲಿಲ್ಲ. ಉಳಿದದ್ದು ವ್ಯಾಟ್ ಒಂದೇ. ಹೋಗಿ ಹೋಗಿ ನಾನು ಆ ಅಳತೆಗೆ ತಲೆ ಕೊಟ್ಟೆ.

ನನ್ನ ಹೆಸರು ಡೆಸ್ಮಂಡ್ ಹಾವರ್ತ್. ಲ್ಯಾಂಕಾಶೈರಿನ ಒಂದು ಸಣ್ಣ ಊರಿನಲ್ಲಿ ಹಾಸಿಗೆ ಅಂಗಡಿಯ ಮಾರಾಟಗಾರ. ದಿನವಿಡೀ ಗಿರಾಕಿಗಳ ಎದುರು ಮಲಗಿ ತೋರಿಸುವ ಕೆಲಸವಾದ್ದರಿಂದ ಮೈಗೆ ದಣಿವಿಲ್ಲ. ಆದರೆ ಮೂವತ್ತು ವರ್ಷ ಸಿಗರೇಟು ಸೇದಿದ ನನ್ನ ಎದೆ, ಮೆಟ್ಟಿಲು ಕಂಡರೆ ಸಾಕು, ತಿದಿ ಹರಿದ ಹಾರ್ಮೋನಿಯಮ್ಮಿನ ಹಾಗೆ ಕೂಗುತ್ತಿತ್ತು. ಕಡೆಗೆ ದವಾಖಾನೆಯ ನರ್ಸಮ್ಮ ಸಿಗರೇಟು ಕಿತ್ತುಕೊಂಡು ಪೆನ್ನಿನಂಥ ಒಂದು ವೇಪ್ ಕೈಗಿತ್ತಳು. ಅದರೊಳಗೆ ಒಂದು ಬ್ಯಾಟರಿ, ಒಂದು ತಂತಿಯ ಸುರುಳಿ, ಸುರುಳಿಯೊಳಗೆ ಚೂರು ಹತ್ತಿ, ಹತ್ತಿ ನೆನೆಯಲು ವಾಸನೆ ಕಟ್ಟಿದ ರಸ. ಗುಂಡಿ ಒತ್ತಿದರೆ ಸುರುಳಿ ಕಾದು ರಸ ಆವಿಯಾಗುತ್ತದೆ, ಎಳೆದು ಬಿಡುವುದು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದ ಹಿರಿಯರು ಇದನ್ನು ನೋಡಿರಲಿಲ್ಲ. ನನ್ನ ಪೆನ್ನಿನ ಶಕ್ತಿ ಹನ್ನೆರಡು ವ್ಯಾಟ್, ವಾಸನೆ ಪುದೀನದ್ದು. ತಿಂಗಳು ತಿಂಗಳು ಇಳಿಸುತ್ತ ಬಂದು ಒಂದು ದಿನ ಅದನ್ನೂ ಬಿಡುತ್ತೇನೆ ಎಂದು ಹೆಂಡತಿ ಗ್ಲೆನಿಸ್‌ಗೆ ಮಾತು ಕೊಟ್ಟಿದ್ದೆ.

ಆ ಮಾತು ಮುರಿಯಲು ನೆರವಾದವನು ನನ್ನ ಷಡ್ಡಕ ರಾಯ್. ಗ್ಲೆನಿಸ್‌ಳ ಅಕ್ಕ ಡೊರೀನ್‌ಳನ್ನು ಮದುವೆಯಾಗಿ, ಅಂದಿನಿಂದ ನನಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುವುದನ್ನೇ ಉದ್ಯೋಗ ಮಾಡಿಕೊಂಡವನು. ಒಂದು ಶನಿವಾರ ಪಬ್ಬಿನ ಹಿಂದಿನ ಅಂಗಳದಲ್ಲಿ ಅವನು ಕೋಟಿನ ಜೇಬಿನಿಂದ ಸಾಬೂನಿನ ಗಾತ್ರದ ಡಬ್ಬಿಯೊಂದನ್ನು ತೆಗೆದು ಬಾಯಿಗಿಟ್ಟ. ಬಿಟ್ಟ ಆವಿಯಲ್ಲಿ ಅಂಗಳದ ಬೆಂಚು, ಬೆಂಚಿನ ಮೇಲಿದ್ದ ಇಬ್ಬರು, ಅವರ ನಾಯಿ, ಎಲ್ಲ ಮರೆಯಾದವು.

“ನಿಂದೆಷ್ಟು ವ್ಯಾಟು?” ಎಂದ ರಾಯ್, ಮೋಡದೊಳಗಿಂದ.

“ಹನ್ನೆರಡು,” ಎಂದೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಸಹಿಸಬಹುದಿತ್ತು. ಬೆಂಚಿನ ಮೇಲಿದ್ದವನೊಬ್ಬ ಎದ್ದು ಬಂದು ನನ್ನ ಭುಜ ತಟ್ಟಿ ಹೋದ.

“ಹನ್ನೆರಡು ವ್ಯಾಟಲ್ಲಿ ನಮ್ಮನೆ ಫ್ರಿಜ್ಜಿನ ದೀಪ ಉರಿಯತ್ತೆ ಕಣೋ ಡೆಸ್,” ಎಂದ ರಾಯ್. “ಅದೂ ಬಾಗ್ಲು ತೆಗ್ದಾಗ ಮಾತ್ರ. ನಂದು ಎಪ್ಪತ್ತೈದು.”

ಮಾರನೆಯ ದಿನವೇ ನಾನು ಗ್ಯಾರೆತ್‌ನ ವೇಪ್ ಅಂಗಡಿಗೆ ಹೋದೆ. ಕುತ್ತಿಗೆಯವರೆಗೆ ಹಚ್ಚೆ, ಎದೆಯವರೆಗೆ ಗಡ್ಡ. ಮಾತು ಮಾತ್ರ ಮಕ್ಕಳ ಡಾಕ್ಟರದು. ಎಪ್ಪತ್ತೈದಕ್ಕಿಂತ ಹೆಚ್ಚಿನದು ಯಾವುದಾದರೂ ಸರಿ ಎಂದೆ. ಗ್ಯಾರೆತ್ ಒಂದು ಬ್ಯಾಟರಿಯ, ಎಂಬತ್ತು ವ್ಯಾಟಿನವರೆಗೆ ಏರಿಸಬಹುದಾದ ಡಬ್ಬಿ ಕೊಟ್ಟ. ರಸ ಯಾವುದು ಬೇಕೆಂದು ಕೇಳಿದಾಗ ಕೈಗೆ ಸಿಕ್ಕ ಸೀಸೆ ತೋರಿಸಿದೆ. ಅದು ರುಬಾರ್ಬ್ ಮತ್ತು ಕಸ್ಟರ್ಡಿನ ವಾಸನೆಯದು. ಕೆಂಪು ದಂಟಿನ ಆ ಹುಳಿ ರುಬಾರ್ಬನ್ನು ಸಕ್ಕರೆಯಲ್ಲಿ ಬೇಯಿಸಿ, ಮೇಲೆ ಬೆಣ್ಣೆ ಹಿಟ್ಟಿನ ಪುಡಿ ಉದುರಿಸಿ, ಒಲೆಯಲ್ಲಿಟ್ಟು ಕೆಂಪಗೆ ಮಾಡಿ, ಬಿಸಿ ಕಸ್ಟರ್ಡ್ ಸುರಿದು, ಊಟದ ಕೊನೆಗೆ ಪುಡ್ಡಿಂಗ್ ಎಂದು ತಿನ್ನುವುದಕ್ಕೆಂದೇ ನಮ್ಮೂರಿನ ಜನ ಹುಟ್ಟಿದ್ದಾರೆ. ಆ ಸೀಸೆಗೆ ಬೆರಳು ತೋರಿಸಿದ ಗಳಿಗೆ ಎಂಥದಿತ್ತೋ, ಪಂಚಾಂಗ ನೋಡುವವರು ಹೇಳಬೇಕು.

ಮಾತು ಕೊಟ್ಟವನು ಬಹಿರಂಗವಾಗಿ ಮುರಿಯುವಂತಿಲ್ಲ. ಬೀದಿಯಲ್ಲಿ ಪುದೀನದ ಪೆನ್ನು, ಬಚ್ಚಲುಮನೆಯಲ್ಲಿ ಎಂಬತ್ತು ವ್ಯಾಟಿನ ಡಬ್ಬಿ, ಹೀಗೆ ಎರಡು ಸಂಸಾರ ನಡೆಸತೊಡಗಿದೆ. ಸಂಜೆ ಅಂಗಡಿಯಿಂದ ಬಂದವನೇ ಚಿಲಕ ಹಾಕಿಕೊಂಡು, ಗೋಡೆಯ ಫ್ಯಾನು ಹಾಕಿ, ಬಚ್ಚಲ ತೊಟ್ಟಿಯ ಅಂಚಿನಲ್ಲಿ ಕುಳಿತು ಎಳೆಯುತ್ತಿದ್ದೆ. ಫ್ಯಾನು ಆವಿಯನ್ನೆಲ್ಲ ಎರಡು ಮನೆಗಳ ನಡುವಿನ ಸಂದಿಗೆ ತಳ್ಳುತ್ತಿತ್ತು. ಸಂದಿಯ ಆಚೆ ಪಕ್ಕದ ಮನೆಯ ಅಡುಗೆಮನೆ ಕಿಟಕಿಯಿದೆ ಎನ್ನುವುದು ನನಗೆ ಗೊತ್ತಿತ್ತು. ಕಿಟಕಿಗೆ ಮೂಗಿದೆ ಎನ್ನುವುದು ಮಾತ್ರ ಹೊಳೆದಿರಲಿಲ್ಲ.

ಆ ಮೂಗು ಎಡ್ನಾ ಟ್ಯಾಟರ್ಸಾಲ್ ಅವರದು. ಅವರು ಚರ್ಚಿನ ಮಹಿಳಾ ಮಂಡಳಿಯ ಅಧ್ಯಕ್ಷೆ. ನಮ್ಮೂರಿನಲ್ಲಿ ಯಾರು ಕೇಕು ಮಾಡಬೇಕು, ಯಾರು ಜ್ಯಾಮು ಮಾಡಬೇಕು, ಯಾರು ಬಾಯಿ ಮುಚ್ಚಿಕೊಂಡು ಕುರ್ಚಿ ಜೋಡಿಸಬೇಕು ಎಂದು ತೀರ್ಮಾನಿಸುವವರು ಅವರೇ. ಗ್ಲೆನಿಸ್ ಮದುವೆಯಾಗಿ ಬಂದ ಹೊಸದರಲ್ಲಿ ಚರ್ಚಿನ ಊಟಕ್ಕೆ ಒಂದು ಕೇಕು ಮಾಡಿಕೊಂಡು ಹೋಗಿದ್ದಳು. ಅದನ್ನು ಕತ್ತರಿಸಲು ಹೋಗಿ ಹಿಂದಿನ ಪಾದ್ರಿಗಳ ಮುಂಗೈ ಉಳುಕಿತು. ಅಂದಿನಿಂದ ಪ್ರತಿ ಊಟಕ್ಕೂ ಎಡ್ನಾ ಅವರು ಗ್ಲೆನಿಸ್‌ಗೆ ಒಪ್ಪಿಸುತ್ತಿದ್ದ ಕೆಲಸ ಒಂದೇ: ಕಾಗದದ ಕರವಸ್ತ್ರ ತರುವುದು. ಉಳಿದವರು ಬಿಸಿ ಪಾತ್ರೆ ಹಿಡಿದು ಹೋಗುವಾಗ ನನ್ನ ಹೆಂಡತಿ ಬಗಲಲ್ಲಿ ಕಾಗದದ ಕಟ್ಟು ಇಟ್ಟುಕೊಂಡು ಹಿಂದೆ ಹೋಗುತ್ತಿದ್ದಳು. ಒಂದು ದಿನವೂ ಆ ವಿಷಯ ಎತ್ತಿದವಳಲ್ಲ, ಹಾಗಾಗಿ ಅವಳಿಗೆ ಬೇಸರವಿಲ್ಲ ಎಂದು ನಾನು ನಂಬಿದ್ದೆ. ಗಂಡಂದಿರಿಗೆ ಇಂಥ ನಂಬಿಕೆಗಳು ಬೇಗ ಬರುತ್ತವೆ.

ಒಂದು ಭಾನುವಾರ ಪ್ರಾರ್ಥನೆಯ ನಂತರ ಎಡ್ನಾ ಅವರು ಗ್ಲೆನಿಸ್‌ಳನ್ನು ಪಕ್ಕಕ್ಕೆ ಕರೆದರು.

“ನೋಡಮ್ಮ, ಕೇಳಬಾರದು, ಆದ್ರೂ ಕೇಳ್ತೀನಿ. ದಿನಾ ಸಂಜೆ ನಿಮ್ಮನೆಯಿಂದ ಬರತ್ತಲ್ಲ, ಆ ರುಬಾರ್ಬು ಕಸ್ಟರ್ಡು. ನಮ್ಮಮ್ಮ ಹೋದ್ಮೇಲೆ ನಾನು ಆ ವಾಸ್ನೆ ನೋಡೇ ಇರಲಿಲ್ಲ. ವೆನಿಲ್ಲಾ ಕಾಯಿ ಸೀಳಿ ಹಾಕ್ತೀಯೇನು?”

ಗ್ಲೆನಿಸ್ ಸುಳ್ಳು ಹೇಳಲಿಲ್ಲ. ಸುಮ್ಮನಿದ್ದಳು, ಅಷ್ಟೆ. ನಮ್ಮ ದೇಶದ ಅರ್ಧ ಇತಿಹಾಸ ನಡೆದಿರುವುದೇ ಹೀಗೆ.

ಅಂದು ಸಂಜೆ ಬಚ್ಚಲುಮನೆಯ ಬಾಗಿಲು ದಡದಡ ಬಡಿಯಿತು. ಚಿಲಕ ತೆಗೆದೆ. ಒಳಗೆ ಎಷ್ಟು ಆವಿಯಿತ್ತೆಂದರೆ ನನಗೆ ಗ್ಲೆನಿಸ್‌ಳ ಚಪ್ಪಲಿ ಬಿಟ್ಟು ಬೇರೇನೂ ಕಾಣಲಿಲ್ಲ. ಚಪ್ಪಲಿಗಳು ಬಹಳ ಹೊತ್ತು ಅಲುಗಲಿಲ್ಲ. ನಾನು ಕ್ಷಮಾಪಣೆಯ ಮೂರು ಪಾಠಾಂತರಗಳನ್ನು ಮನಸ್ಸಿನಲ್ಲೇ ಒಪ್ಪ ಮಾಡಿಕೊಂಡೆ.

“ಎಷ್ಟರಲ್ಲಿಟ್ಟಿದೀಯ ಅದನ್ನ?” ಎಂದಳು.

“ಎಂಬತ್ತು.”

“ಇನ್ನೂ ಜಾಸ್ತಿ ಆಗತ್ತಾ?”

ಮದುವೆಯಾದ ಮೇಲೆ ನನ್ನ ಯಾವ ಕೆಲಸವನ್ನೂ ಅವಳು ಇನ್ನೂ ಜಾಸ್ತಿ ಮಾಡು ಎಂದವಳಲ್ಲ. ನಾನು ತೊಟ್ಟಿಯ ಅಂಚಿನಿಂದ ಜಾರಿ ಒಳಗೆ ಬಿದ್ದೆ.

ಮರುದಿನ ಗ್ಯಾರೆತ್‌ನ ಅಂಗಡಿಯಲ್ಲಿ ನನ್ನ ಅಹವಾಲು ಇಟ್ಟೆ. ನೂರು ದಾಟಬೇಕು.

“ಇದು ಒಂಟಿ ಬ್ಯಾಟರಿ ಯಜಮಾನ್ರೇ, ಎಂಬತ್ತೇ ಇದರ ಹಣೆಬರಹ,” ಎಂದ. “ಮೇಲೆ ಹೋಗ್ಬೇಕಂದ್ರೆ ಎರಡು ಬ್ಯಾಟರಿ ಡಬ್ಬಿ ಬೇಕು. ಎರಡನ್ನೂ ಒಟ್ಟಿಗೇ ತಗೊಂಡು ಒಟ್ಟಿಗೇ ಉಪಯೋಗಿಸ್ಬೇಕು, ಒಂದು ಹಳೇದು ಒಂದು ಹೊಸದು ಅಂತ ಹಾಕಂಗಿಲ್ಲ. ಬರೀ ಡಬ್ಬಿ ಸಾಲ್ದು, ಸುರುಳೀನೂ ಅದಕ್ಕೆ ತಕ್ಕಂತೆ ಇರ್ಬೇಕು. ನಿಮ್ಮ ಈ ಸುರುಳಿಗೆ ನೂರೈವತ್ತು ಕೊಟ್ರೆ ಬಾಯಿಗೆ ಕಸ್ಟರ್ಡ್ ಬರಲ್ಲ, ಸುಟ್ಟ ಹಾಸಿಗೆ ಬರತ್ತೆ.”

“ಹಾಸಿಗೆ ವಿಷ್ಯ ನಂಗೆ ಗೊತ್ತು,” ಎಂದೆ ಗಂಭೀರವಾಗಿ.

“ದಪ್ಪ ತಂತಿ ಸುರುಳಿ ಕೊಡ್ತೀನಿ, ಇನ್ನೂರರತನಕ ತಡಿಯತ್ತೆ. ಆದ್ರೆ ಒಂದರ ಮೇಲೊಂದು ಎಳೀಬೇಡಿ. ಹತ್ತಿಗೆ ರಸ ಇಳಿಯೋಕೆ ಪುರುಸೊತ್ತು ಕೊಡಿ. ಅಷ್ಟಕ್ಕೂ ಇಷ್ಟೊಂದು ವ್ಯಾಟು ಯಾಕೆ, ಸ್ಪರ್ಧೆಗಾ?”

“ನನ್ನ ಹೆಂಡ್ತಿಗೆ,” ಎಂದೆ.

ಗ್ಯಾರೆತ್ ಗಡ್ಡ ಸವರಿಕೊಂಡ. ಅವನ ವೃತ್ತಿಯಲ್ಲಿ ಹೆಂಡತಿಯರು ಬರುವುದು ಬೇರೆ ರೀತಿಯಲ್ಲಿ, ಡಬ್ಬಿಯನ್ನು ವಾಪಸು ಎಸೆದು ಹೋಗಲು.

ನೂರ ಐವತ್ತು ವ್ಯಾಟಿನ ಮೊದಲ ಎಳೆತಕ್ಕೆ ನನ್ನ ಕನ್ನಡಕ ಅಂಟಂಟಾಯಿತು, ಕಿವಿಯಲ್ಲಿ ಗಂಟೆ ಬಾರಿಸಿತು. ಎರಡನೆಯದಕ್ಕೆ ಬೀದಿ ಬದಲಾಯಿತು. ಅಂಚೆಯವನು ನಮ್ಮ ಗೇಟಿನ ಬಳಿ ಬಂದಾಗ ಕಾರಣವಿಲ್ಲದೆ ಷೂ ದಾರ ಕಟ್ಟತೊಡಗಿದ. ಎದುರುಮನೆಯ ಮುದುಕ, ಎರಡು ವರ್ಷದಿಂದ ಹೊರಗೆ ಕಾಲಿಡದವನು, ಕುರ್ಚಿ ತಂದು ಗೋಡೆ ಪಕ್ಕ ಹಾಕಿ ಕುಳಿತ. ಯಾರೂ ಏನೂ ಕೇಳಲಿಲ್ಲ. ನಮ್ಮ ಕಡೆಯವರು ಪ್ರಾಣ ಹೋದರೂ ಇನ್ನೊಬ್ಬರ ಮನೆಯ ತಿಂಡಿಯನ್ನು ಕೇಳುವುದಿಲ್ಲ. ಕೇಳದೆಯೇ ಕೊಡುವಂತೆ ಮಾಡುತ್ತಾರೆ. ಮನೆಯ ಮುಂದಿನ ಮೆಟ್ಟಿಲ ಮೇಲೆ ರುಬಾರ್ಬಿನ ಕಟ್ಟುಗಳು ಪ್ರತ್ಯಕ್ಷವಾಗತೊಡಗಿದವು. ಹೆಸರಿಲ್ಲ, ಚೀಟಿಯಿಲ್ಲ, ಬರೀ ಕೆಂಪು ದಂಟು. ಇಟ್ಟುಕೊಳ್ಳಲು ಜಾಗವಿಲ್ಲದೆ ಗ್ಲೆನಿಸ್ ಅವನ್ನು ಕಾರಿನಲ್ಲಿ ಹೇರಿಕೊಂಡು ಅಕ್ಕ ಡೊರೀನ್‌ಳ ಮನೆಗೆ ಸಾಗಿಸತೊಡಗಿದಳು.

ಆಮೇಲೆ ಪಾದ್ರಿಗಳು ಬಂದರು. ಪಾದ್ರಿ ಕ್ರಿಸ್ಪಿನ್ ಬ್ರಹ್ಮಚಾರಿ, ತೆಳ್ಳಗಿನ ಮನುಷ್ಯ, ಡಬ್ಬಿಯ ಸೂಪು ಕುಡಿದು ಬದುಕುವವರು.

“ಇದೇ ದಾರೀಲಿ ಹೋಗ್ತಿದ್ದೆ,” ಎಂದರು. ನಮ್ಮ ಮನೆಯಿಂದಾಚೆ ದಾರಿಯೇ ಇಲ್ಲ; ಗೋಡೆ, ಅದರಾಚೆ ಕಾಲುವೆ.

ನಾನು ಮೇಲೆ ಬಚ್ಚಲುಮನೆಯಲ್ಲಿ ಡಬ್ಬಿ ಕೆಳಗಿಟ್ಟು ಮೆಟ್ಟಿಲ ತುದಿಯಲ್ಲಿ ನಿಂತು ಇಣುಕುತ್ತ ಕೇಳಿಸಿಕೊಂಡೆ. ಗ್ಲೆನಿಸ್ ಅವರಿಗೆ ಚಹಾ ಕೊಟ್ಟು ಅಂಗಡಿಯ ಬಿಸ್ಕತ್ತು ಕೊಟ್ಟಳು. ಪಾದ್ರಿಗಳು ಬಿಸ್ಕತ್ತನ್ನೂ ಚಾವಣಿಯನ್ನೂ ಒಂದೊಂದು ಸಲ ನೋಡಿದರು.

“ಅರ್ಥ ಆಯ್ತು ಮಿಸೆಸ್ ಹಾವರ್ತ್,” ಎಂದರು ಮೃದುವಾಗಿ. “ಅದು ನಮ್ಮಂಥವರಿಗಲ್ಲ. ಬಡವರಿಗೆ, ಅಲ್ವಾ? ನಾನು ಯಾರಿಗೂ ಹೇಳಲ್ಲ.”

ಮುಂದಿನ ಭಾನುವಾರ ಗುಟ್ಟಾಗಿ ಮಾಡುವ ದಾನದ ಬಗ್ಗೆ ಉಪದೇಶ ಕೊಟ್ಟರು. ಕೊಡುವಾಗ ಕಣ್ಣೊರೆಸಿಕೊಂಡು ನಮ್ಮ ಬೆಂಚಿನ ಕಡೆ ನೋಡಿದರು. ಇಡೀ ಚರ್ಚು ತಿರುಗಿ ನೋಡಿತು. ಗ್ಲೆನಿಸ್ ತಲೆ ತಗ್ಗಿಸಿದಳು. ಅದೂ ವಿನಯವೆಂದು ದಾಖಲಾಯಿತು.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಯಾರೋ ಪುಣ್ಯಾತ್ಮರು, ಈ ಪರಿ ಕಸ್ಟರ್ಡು ಒಂದು ಸಂಸಾರದ್ದಾಗಿರಲು ಸಾಧ್ಯವಿಲ್ಲವೆಂದು ಯೋಚಿಸಿ ಕೌನ್ಸಿಲ್‌ಗೆ ಫೋನು ಮಾಡಿದರು. ಆಹಾರ ಶುಚಿತ್ವದ ಅಧಿಕಾರಿ ಮಿಸ್ಟರ್ ಬ್ಯಾಗ್‌ಶಾ ಬಿಳಿ ಕೋಟು, ಕೈಯಲ್ಲೊಂದು ಟಾರ್ಚು ಸಮೇತ ಬಂದಿಳಿದರು.

“ಈ ಮನೇಲಿ ನೋಂದಣಿ ಇಲ್ದೆ ಪುಡ್ಡಿಂಗ್ ವ್ಯಾಪಾರ ನಡೀತಿದೆ ಅಂತ ಮಾಹಿತಿ ಇದೆ,” ಎಂದು ಹೇಳಿ ಮೂಗು ಎತ್ತಿ ಗಾಳಿ ಎಳೆದರು. “ಮಾಹಿತಿ ಸರಿಯಾಗೇ ಇದೆ.”

“ವ್ಯಾಪಾರ ಏನೂ ಇಲ್ಲಪ್ಪ,” ಎಂದಳು ಗ್ಲೆನಿಸ್. ಅದು ನಿಜ.

ಬ್ಯಾಗ್‌ಶಾ ಅಡುಗೆಮನೆಗೆ ನುಗ್ಗಿ ಕಪಾಟು ತೆರೆದರು, ಮೂಲೆಗೆ ಟಾರ್ಚು ಬಿಟ್ಟರು, ಕಡೆಗೆ ಮಂಡಿಯೂರಿ ಒಲೆಯ ಕೆಳಗಿನ ಓವನ್ನಿನ ಬಾಗಿಲು ತೆಗೆದರು. ಅದರೊಳಗೆ ಒಲೆಯ ಜೊತೆ ಕೊಟ್ಟಿದ್ದ ಸೂಚನಾ ಪುಸ್ತಕ ಪ್ಲಾಸ್ಟಿಕ್ ಲಕೋಟೆ ಒಡೆಯದೆ ಹಾಗೇ ಇತ್ತು.

“ಒಲೆ ತಗೊಂಡು ಎಷ್ಟು ವರ್ಷ ಆಯ್ತಮ್ಮ?”

“ಒಂಬತ್ತಾಯ್ತೇನೋ.”

“ಒಂಬತ್ತು ವರ್ಷ ದಿನಾ ಬೇಯಿಸಿ ಹೀಗಿಟ್ಟಿದೀರಾ?”

“ನಾನು ಸಾಮಾನು ಜೋಪಾನ ಮಾಡ್ತೀನಿ,” ಎಂದಳು ಗ್ಲೆನಿಸ್. ಅದೂ ನಿಜ.

ಬ್ಯಾಗ್‌ಶಾ ನಿಧಾನಕ್ಕೆ ಎದ್ದು ಟೊಪ್ಪಿ ತೆಗೆದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದು ಚೂರು ಹಿಟ್ಟು ಕಾಣದ ಅಡುಗೆಮನೆ ಇದೇ ಮೊದಲು ಎಂದರು. ಹೋಟೆಲುಗಳ ಕಿಟಕಿಗೆ ಅಂಟಿಸುವ, ಐದಕ್ಕೆ ಐದು ಎಂದು ಬರೆದ ಹಸಿರು ಚೀಟಿಯನ್ನು ಚೀಲದಿಂದ ತೆಗೆದು, ನಿಯಮದ ಪ್ರಕಾರ ಮನೆಗೆ ಕೊಡುವಂತಿಲ್ಲ, ಗೌರವಕ್ಕೆ ಕೊಡುತ್ತಿದ್ದೇನೆ ಎಂದು ತಾವೇ ನಮ್ಮ ಮುಂದಿನ ಕಿಟಕಿಗೆ ಅಂಟಿಸಿ ಹೋದರು.

ಮಾರನೆಯ ದಿನ ಎಡ್ನಾ ಟ್ಯಾಟರ್ಸಾಲ್ ಮುಂಬಾಗಿಲು ತಟ್ಟಿದರು. ನಮ್ಮ ಬೀದಿಯಲ್ಲಿ ಜನ ಬರುವುದು ಹೋಗುವುದು ಹಿಂಬಾಗಿಲಿಂದ. ಮುಂಬಾಗಿಲು ತೆರೆಯುವುದು ಹೆಣಕ್ಕೆ ಮತ್ತು ಪೊಲೀಸಿಗೆ. ಬಾಗಿಲು ಬಿಗಿಯಾಗಿ ಕಚ್ಚಿಕೊಂಡಿದ್ದರಿಂದ ನಾನು ಒಳಗಿಂದ ಎಳೆದೆ, ಅವರು ಹೊರಗಿಂದ ಭುಜ ಕೊಟ್ಟರು.

“ಮಂಡಳಿ ತೀರ್ಮಾನ ಮಾಡಿದೆ,” ಎಂದರು ಏದುಸಿರು ಬಿಡುತ್ತ. “ಮೇ ತಿಂಗಳ ಚರ್ಚಿನ ಊಟಕ್ಕೆ ಪುಡ್ಡಿಂಗ್ ನಿಂದೇ ಗ್ಲೆನಿಸ್. ಎಲ್ಲರಿಗೂ ಆಗೋಷ್ಟು. ಕರವಸ್ತ್ರ ಬೇರೆಯವ್ರು ತರ್ತಾರೆ.”

ಗ್ಲೆನಿಸ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳ ಮುಖ ಆಗ ಹೇಗಾಯಿತೆಂದರೆ, ನಾನು ಜೀವಮಾನದಲ್ಲಿ ಅವಳಿಗೆ ಕೊಟ್ಟ ಯಾವ ಉಡುಗೊರೆಗೂ ಹಾಗಾಗಿರಲಿಲ್ಲ. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಆ ಕಾಗದದ ಕಟ್ಟು ಅವಳಿಗೆ ಎಷ್ಟು ಭಾರವಾಗಿತ್ತು ಎನ್ನುವುದು ಈ ಮಂದಬುದ್ಧಿಗೆ ಆಗ ಹೊಳೆಯಿತು.

ಬಾಗಿಲು ಮುಚ್ಚಿದ ಮೇಲೆ ನಾನು ಯುದ್ಧಕಾಲದ ಮಂತ್ರಿಯ ಹಾಗೆ ಯೋಜನೆ ಹಾಕಿದೆ.

“ಪಕ್ಕದೂರಿನ ಸೂಪರ್‌ಮಾರ್ಕೆಟ್ಟಲ್ಲಿ ರೆಡಿಮೇಡ್ ಪುಡ್ಡಿಂಗ್ ಸಿಗತ್ತೆ. ತಂದು ನಮ್ಮ ಪಾತ್ರೆಗೆ ಸುರೀತೀವಿ. ವಾಸ್ನೆ ನಂಗೆ ಬಿಡು. ಆ ಚರ್ಚ್ ಹಾಲ್‌ನಲ್ಲಿ ಊಟ ಬಡಿಸೋ ಕಿಂಡಿ ಇದೆಯಲ್ಲ, ಅದರ ಪಕ್ಕ ಒಂದು ಸಾಮಾನಿನ ಕೋಣೆ ಇದೆ. ಅಲ್ಲಿ ಕೂತು ಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ.”

“ಸರಿ, ಪುಡ್ಡಿಂಗ್ ನಾನೇ ತರ್ತೀನಿ,” ಎಂದಳು ಗ್ಲೆನಿಸ್. ಅಷ್ಟು ಬೇಗ ನನ್ನ ಮಾತಿಗೆ ಸರಿ ಎಂದದ್ದು ನನಗೆ ಅನುಮಾನ ತರಬೇಕಿತ್ತು. ತರಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಕೂದಲಿಗೆ ಬಣ್ಣ ಹಾಕಿಸಿಕೊಳ್ಳುತ್ತೇನೆಂದು ಡೊರೀನ್‌ಳ ಮನೆಗೆ ಹೋಗಿ ಬರುವುದು ಹೆಚ್ಚಾಯಿತು. ಹೋಗುವಾಗ ನರೆತಿದ್ದ ಕೂದಲು ಬಂದಾಗಲೂ ನರೆತೇ ಇರುತ್ತಿತ್ತು. ಪ್ರತಿ ಸಲವೂ ನಾನು, ಅನುಭವಸ್ಥ ಗಂಡನಾದ್ದರಿಂದ, “ಬಣ್ಣ ಚೆನ್ನಾಗಿ ಕೂತಿದೆ ಗ್ಲೆನ್,” ಎನ್ನುತ್ತಿದ್ದೆ. ಒಂದು ದಿನ ಅವಳ ಮುಂಗೈಗೆ ಪಟ್ಟಿ ಕಟ್ಟಿತ್ತು. ಬಣ್ಣ ತಾಗಿ ಉರಿಯಿತು ಎಂದಳು. ಈಗಿನ ಬಣ್ಣಗಳೇ ಹಾಗೆ ಎಂದೆ.

ಊಟದ ದಿನ ಅವಳು ಡೊರೀನ್ ಜೊತೆ ನೇರವಾಗಿ ಚರ್ಚ್ ಹಾಲ್‌ಗೆ ಹೋದಳು. ನಾನು ಮೊದಲೇ ಹಿಂದಿನಿಂದ ನುಸುಳಿ ಸಾಮಾನಿನ ಕೋಣೆ ಸೇರಿದ್ದೆ. ಒಳಗೆ ಮಡಚಿದ ಕುರ್ಚಿಗಳು, ಕ್ರಿಸ್‌ಮಸ್ ನಾಟಕದ ಮೂರು ಕುರಿ ವೇಷ, ತಲೆಯಿಲ್ಲದ ಒಂಟೆ. ಕುರಿಗಳ ನಡುವೆ ಕುಳಿತು, ಹಲಗೆಯ ಬಿರುಕಿನಲ್ಲಿ ಕಣ್ಣಿಟ್ಟೆ. ಗ್ಲೆನಿಸ್ ಕಿಂಡಿಯ ಹಿಂದೆ ನಿಂತಿದ್ದಳು. ಅವಳ ಮುಂದೆ ಎರಡು ದೊಡ್ಡ ತಟ್ಟೆ ತುಂಬ ಪುಡ್ಡಿಂಗ್, ಪಕ್ಕದಲ್ಲಿ ಕಸ್ಟರ್ಡಿನ ಹೂಜಿ. ಸೂಪರ್‌ಮಾರ್ಕೆಟ್ಟಿನ ಮಾಲಿಗೆ ಮೇಲ್ಪದರ ಸ್ವಲ್ಪ ಒರಟಾಯಿತು ಅನ್ನಿಸಿತು, ಆದರೆ ಕೈಯಲ್ಲಿ ಮಾಡಿದ ಹಾಗೆ ಕಾಣಲು ಒಳ್ಳೆಯದೇ ಎಂದುಕೊಂಡೆ. ಮಂದಿಯೆಲ್ಲ ಮಾಂಸದ ಕಡುಬು ಮುಗಿಸಿ, ಬಟ್ಟಲು ಹಿಡಿದು, ಗೋಡೆಗುಂಟ ಬಾಗಿಲವರೆಗೆ ಸಾಲು ನಿಂತಿದ್ದರು. ಮುಂದೆ ಎಡ್ನಾ, ಅವರ ಹಿಂದೆ ಪಾದ್ರಿಗಳು, ಅವರ ಹಿಂದೆ ವಿಶೇಷ ಅತಿಥಿಯಾಗಿ ಬಂದಿದ್ದ ಬ್ಯಾಗ್‌ಶಾ.

ಡಬ್ಬಿಯನ್ನು ನೂರ ಅರವತ್ತಕ್ಕೆ ಏರಿಸಿ ಎಳೆದು ಬಿರುಕಿಗೆ ಊದಿದೆ. ಹಾಲ್ ದೊಡ್ಡದು, ವಾಸನೆ ಹೋಗಿ ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ನೂರ ಎಪ್ಪತ್ತು. ಮತ್ತೆ ಎಳೆದೆ. ನೂರ ಎಂಬತ್ತು. ಉಸಿರು ತೆಗೆದುಕೊಳ್ಳದೆ ಒಂದರ ಮೇಲೊಂದು ಎಳೆದೆ. ಹೆಂಡತಿಯ ಮಾನದ ಪ್ರಶ್ನೆ, ಹತ್ತಿಗೆ ಪುರುಸೊತ್ತು ಕೊಡಲು ನನಗೆಲ್ಲಿ ಪುರುಸೊತ್ತು? ರಸ ಇಳಿಯುವ ಮೊದಲೇ ಹತ್ತಿ ಒಣಗಿ, ಆ ಮೇಲಿನ ಎಳೆತದಲ್ಲಿ ಚುರ್ರೆಂದು ಸುಟ್ಟಿತು. ಗ್ಯಾರೆತ್ ಹೇಳಿದ್ದು ಅಕ್ಷರಶಃ ಸತ್ಯ. ಸುಟ್ಟ ಹಾಸಿಗೆಯೇ. ನನ್ನ ಬಾಯಿ ತುಂಬ ಇದ್ದ ಆ ಕಮಟನ್ನು ಕೆಮ್ಮು ತಡೆಯಲಾರದೆ ಒಂದೇ ಸಲಕ್ಕೆ ಬಿರುಕಿನ ಮೂಲಕ ಚರ್ಚಿನ ಹಾಲಿಗೆ ಬಿಟ್ಟೆ.

ಸಾಲಿನಲ್ಲಿದ್ದ ಮೂಗುಗಳು ಒಂದೊಂದಾಗಿ ಸುಕ್ಕುಗಟ್ಟಿದವು.

“ಅಯ್ಯೋ ಪಾಪ,” ಎಂದರು ಎಡ್ನಾ ಮೆಲ್ಲಗೆ ಪಾದ್ರಿಗಳಿಗೆ. “ತಳ ಹತ್ತಿಸಿಬಿಟ್ಟಿದಾಳೆ.”

ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಒಬ್ಬರಿಗೆ ಹೊಟ್ಟೆ ತುಂಬಿದ್ದು ನೆನಪಾಯಿತು, ಒಬ್ಬರಿಗೆ ಸಕ್ಕರೆ ಕಾಯಿಲೆ ನೆನಪಾಯಿತು, ಅಂಚೆಯವನ ಷೂ ದಾರ ಮತ್ತೆ ಬಿಚ್ಚಿತು. ಸಾಲು ಕರಗಿತು. ನಮ್ಮ ದೇಶದಲ್ಲಿ ಬಾಂಬು ಬಿದ್ದರೂ ಕರಗದ ಸಾಲು.

ಗ್ಲೆನಿಸ್ ಸೌಟು ಹಿಡಿದು ನಿಂತೇ ಇದ್ದಳು. ಸೂಪರ್‌ಮಾರ್ಕೆಟ್ಟಿನದು ತಾನೇ, ಹೋದರೆ ಹೋಗಲಿ, ಎಂದು ನಾನು ಕುರಿಗಳಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಅವಳ ಧ್ವನಿ ಕೇಳಿಸಿತು.

“ಸುಟ್ಟಿಲ್ಲ ಎಡ್ನಾ. ನಾನೇ ಮಾಡಿದ್ದು. ಡೊರೀನ್ ಮನೇಲಿ ಮಾಡಿ ಮಾಡಿ ಕಲ್ತೆ. ಕೈ ಸುಟ್ಕೊಂಡೆ, ಪುಡ್ಡಿಂಗ್ ಸುಟ್ಟಿಲ್ಲ.”

“ಇರ್ಲಿ ಬಿಡಮ್ಮ,” ಎಂದರು ಎಡ್ನಾ, ರೋಗಿಯ ಜೊತೆ ಮಾತಾಡುವ ದನಿಯಲ್ಲಿ. “ಎಲ್ಲರಿಗೂ ಒಂದೊಂದ್ಸಲ ಹೀಗಾಗತ್ತೆ.”

ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ನರೆತ ಕೂದಲು, ಮುಂಗೈಯ ಪಟ್ಟಿ, ರುಬಾರ್ಬಿನ ಕಟ್ಟುಗಳು. ನನ್ನ ಆವಿಯ ಮರ್ಯಾದೆ ಅವಳಿಗೆ ಸಾಲದೆ ನಿಜವಾಗಿಯೇ ಕಲಿತು ಬಂದಿದ್ದಳು. ಅವಳ ಕೈಗೆ ಬಂದ ತುತ್ತನ್ನು ನಾನು ನೂರ ಎಂಬತ್ತು ವ್ಯಾಟಿನಲ್ಲಿ ಊದಿ ಹಾರಿಸಿದ್ದೆ. ಸುಮ್ಮನೆ ಕುಳಿತರೆ ಅವಳ ಪುಡ್ಡಿಂಗಿನ ಮಾನ ಹೋಗುತ್ತದೆ. ಎದ್ದು ನಿಜ ಹೇಳಿದರೆ ಎರಡು ತಿಂಗಳ ಕೀರ್ತಿಯೆಲ್ಲ ಹೋಗುತ್ತದೆ. ಯೋಚಿಸಿ ನಿರ್ಧರಿಸುವುದು ನನ್ನಿಂದಾಗದ ಕೆಲಸ. ಎದ್ದೆ. ಎದ್ದ ರಭಸಕ್ಕೆ ಕುರ್ಚಿಗಳು ಉರುಳಿದವು, ಬಾಗಿಲು ತೆರೆಯಿತು, ತಲೆಗೆ ಸಿಕ್ಕಿಕೊಂಡ ಕುರಿಯ ಕಿವಿ ಸಮೇತ ನಾನು ಆವಿಯ ಜೊತೆ ಹಾಲಿನ ಮಧ್ಯಕ್ಕೆ ಬಂದು ನಿಂತೆ.

“ಸುಟ್ಟಿದ್ದು ಪುಡ್ಡಿಂಗಲ್ಲ,” ಎಂದೆ. ಕೈಯಲ್ಲಿದ್ದ ಡಬ್ಬಿಯನ್ನು ಎತ್ತಿ ತೋರಿಸಿದೆ. “ನನ್ನ ಹತ್ತಿ. ಇಷ್ಟು ದಿನ ನಿಮಗೆ ಬರ್ತಿದ್ದ ವಾಸ್ನೆನೂ ಇದರದ್ದೇ. ಬಚ್ಚಲುಮನೆ ಫ್ಯಾನಿಂದ.”

ಇಂಗು ತಿಂದ ಮಂಗ ಹೇಗಿರುತ್ತದೆಂದು ತಿಳಿಯಬೇಕಾದವರು ಆಗ ನನ್ನನ್ನು ನೋಡಬೇಕಿತ್ತು.

“ಅಂದ್ರೆ,” ಎಂದರು ಎಡ್ನಾ, ಒಂದೊಂದೇ ಪದ ಎಣಿಸಿ ಇಡುತ್ತ, “ಸಂಜೆ ಸಂಜೆ ನಾನು ಕಿಟಕಿ ತೆಕ್ಕೊಂಡು, ಕುರ್ಚಿ ಹಾಕ್ಕೊಂಡು, ನಮ್ಮಮ್ಮನ್ನ ನೆನೆಸ್ಕೊಂಡು ಒಳಗೆ ಎಳ್ಕೊಂಡಿದ್ದು, ಈ ಮನುಷ್ಯನ ಬಾಯಿಂದ ಹೊರಗೆ ಬಂದಿದ್ದು?”

ಪಾದ್ರಿಗಳು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಕುರ್ಚಿಯಲ್ಲಿ ಕುಸಿದರು. ಬ್ಯಾಗ್‌ಶಾ, “ಬಚ್ಚಲುಮನೆ ನಾನು ತಪಾಸಣೆ ಮಾಡ್ಲಿಲ್ಲ,” ಎಂದು ತಮಗೆ ತಾವೇ ಹೇಳಿಕೊಂಡರು. ಎದುರುಮನೆಯ ಮುದುಕ ಮಾತ್ರ ತನಗೆ ಚೆನ್ನಾಗೇ ಇತ್ತು ಎಂದ. ಹಿಂದಿನಿಂದ ನನ್ನ ಷಡ್ಡಕ ರಾಯ್ ಎದ್ದು ಬಂದು ಡಬ್ಬಿಯ ಗಾಜಿನಲ್ಲಿದ್ದ ಅಂಕಿಯನ್ನು ಬಗ್ಗಿ ಓದಿದ.

“ನೂರ ಎಂಬತ್ತಾ?” ಎಂದ, ಗದ್ಗದ ಕಂಠದಲ್ಲಿ.

ಬೇರೆ ದಿನವಾಗಿದ್ದರೆ ಆ ಒಂದು ಮಾತಿಗೆ ನನ್ನ ಜನ್ಮ ಸಾರ್ಥಕವಾಗುತ್ತಿತ್ತು. ಆದರೆ ನಾನು ಗ್ಲೆನಿಸ್‌ಳನ್ನು ನೋಡುತ್ತಿದ್ದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಸೌಟನ್ನು ತಟ್ಟೆಯ ಅಂಚಿಗೆ ಟಕ್ಕೆಂದು ಕುಟ್ಟಿ ಜನರ ಕಡೆ ತಿರುಗಿದಳು.

“ಇಷ್ಟು ದಿನ ನೀವು ಮೂಸಿದ್ದು ಅವನದು. ನಾನು ಬಾಯಿ ಬಿಡ್ಲಿಲ್ಲ, ಅದು ನನ್ನ ತಪ್ಪು. ಇದು ನಂದು. ಬೇಕಾದೋರು ಬನ್ನಿ, ಬೇಡದೋರು ಮನೆಗೆ ಹೋಗಿ.”

ಇಷ್ಟು ಉದ್ದದ ಮಾತನ್ನು ಗ್ಲೆನಿಸ್ ಆ ಹಾಲಿನಲ್ಲಿ ಆಡಿದ್ದು ಅದೇ ಮೊದಲು. ಯಾರೂ ಹೊರಗೆ ಹೋಗಲಿಲ್ಲ, ಯಾರೂ ಮುಂದೆಯೂ ಬರಲಿಲ್ಲ. ಎಲ್ಲರೂ ಎಡ್ನಾ ಅವರನ್ನು ನೋಡಿದರು. ಎಡ್ನಾ ನನ್ನ ಕುರಿಕಿವಿಯನ್ನೂ, ಗ್ಲೆನಿಸ್‌ಳ ಕೈಪಟ್ಟಿಯನ್ನೂ ನೋಡಿ, ಬಟ್ಟಲು ಎತ್ತಿಕೊಂಡು ಕಿಂಡಿಗೆ ಹೋದರು.

“ಹಾಕು.”

ಗ್ಲೆನಿಸ್ ಹಾಕಿದಳು. ಎಡ್ನಾ ನಿಂತಲ್ಲೇ ಒಂದು ಚಮಚ ಬಾಯಿಗಿಟ್ಟರು. ಅಗಿದರು. ಚಾವಣಿ ನೋಡಿದರು. ಇನ್ನೊಂದು ಚಮಚ ಇಟ್ಟರು. ನನ್ನ ಎದೆಯ ಹಾರ್ಮೋನಿಯಂ ಬಿಟ್ಟರೆ ಬೇರೆ ಸದ್ದಿರಲಿಲ್ಲ.

“ತಿನ್ನಬಹುದು,” ಎಂದರು ಎಡ್ನಾ ಟ್ಯಾಟರ್ಸಾಲ್.

ನಮ್ಮೂರಿನ ಭಾಷೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಸ್ವರ್ಗಕ್ಕೆ ಹೋದವರೂ ಅಲ್ಲಿಯದನ್ನು ನೋಡಿ ಇಷ್ಟೇ ಹೇಳುತ್ತಾರೆ. ಕುರ್ಚಿಗಳು ಸರಿದವು, ಬಟ್ಟಲುಗಳು ಸದ್ದು ಮಾಡಿದವು, ಸಾಲು ಮತ್ತೆ ಗೋಡೆಗುಂಟ ಬಾಗಿಲವರೆಗೆ ಬೆಳೆಯಿತು. ಪಾದ್ರಿಗಳು ಎರಡು ಸಲ ನಿಂತರು. ನಾನು ಕಿವಿ ಕಳಚಿಟ್ಟು ಸಾಲಿನ ತುದಿಗೆ ಹೋಗಿ ನಿಂತೆ. ನನ್ನ ಮುಂದಿದ್ದವರು ಉಸಿರು ಬಿಗಿ ಹಿಡಿದಿದ್ದರು.

ನನ್ನ ಸರದಿ ಬಂದಾಗ ಎರಡೂ ತಟ್ಟೆ ಬರಿದಾಗಿದ್ದವು. ಗ್ಲೆನಿಸ್ ತಟ್ಟೆಯ ಮೂಲೆಗೆ ಅಂಟಿಕೊಂಡಿದ್ದನ್ನು ಕೆರೆದು, ಹೂಜಿ ಬಗ್ಗಿಸಿ ಕೊನೆಯ ಹನಿ ಕಸ್ಟರ್ಡ್ ತೊಟ್ಟಿಕ್ಕಿಸಿ ಚಮಚವನ್ನು ನನ್ನ ಕಡೆ ಚಾಚಿದಳು. ನಿಂತೇ ತಿಂದೆ. ಹುಳಿ ನಾಲಿಗೆಯನ್ನು ಹಿಡಿದೆಳೆಯಿತು, ಬೆಣ್ಣೆ ಹಿಟ್ಟು ಹಲ್ಲಿಗೆ ಸಿಕ್ಕಿತು, ಕಡೆಯಲ್ಲಿ ಸಿಹಿ ಬಂತು.

“ಹೇಗಿದೆ?” ಎಂದಳು.

“ನನ್ನ ಡಬ್ಬಿದಕ್ಕೂ ಇದಕ್ಕೂ ಏನೇನೂ ಹೋಲಿಕೆ ಇಲ್ಲ ಕಣೇ ಗ್ಲೆನ್.”

“ಸದ್ಯ,” ಎಂದಳು.